ಮಾನಸಿಕ ಒತ್ತಡ ಶಮನಕ್ಕಾಗಿ ಅಮೂರ್ತ ಚಿತ್ರರಚನೆ: ಆರಂಭಿಕರಿಗೆ ಮಾಹಿತಿ

ಪರಿಚಯ
ವ್ಯಕ್ತಿ ಅಥವಾ ವಸ್ತುವಿನ ಆಕಾರವನ್ನು ತೋರಿಸದೆ ಕೇವಲ ರೇಖೆ ಹಾಗೂ ಬಣ್ಣಗಳಿಂದ ರಚಿಸುವ ಚಿತ್ರವನ್ನು ಅಮೂರ್ತ ಚಿತ್ರವೆನ್ನುವರು. ಅಂಗಳದ ಚುಕ್ಕಿ ರಂಗೋಲಿಯು ಇದಕ್ಕೆ ಸಮೀಪದ ಉದಾಹರಣೆಯಾಗಿದೆ. ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಸಣ್ಣ ಅಧ್ಯಯನವೊಂದರಲ್ಲಿ 39 ವಯಸ್ಕರು 45 ನಿಮಿಷ ಕಲಾರಚನೆಯಲ್ಲಿ ತೊಡಗಿದ್ದು, ಸುಮಾರು ಶೇ. 75ರಷ್ಟು ಜನರಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಪ್ರಮಾಣ ಇಳಿದಿತ್ತು. ಇದಕ್ಕೆ ಕಲೆಯ ಪೂರ್ವಾನುಭವ ಅಗತ್ಯವಾಗಿರಲಿಲ್ಲ.

ಅಭ್ಯಾಸ ಕ್ರಮ
1. ಬಿಳಿ ಹಾಳೆ, ಪೆನ್ಸಿಲ್ ಹಾಗೂ ಲಭ್ಯವಿರುವ ಬಣ್ಣಗಳನ್ನು ಇಟ್ಟುಕೊಳ್ಳುವುದು.
2. ಉಸಿರನ್ನು ನಿಧಾನವಾಗಿ ಬಿಡುತ್ತಾ ಉದ್ದನೆಯ ಗೆರೆಗಳನ್ನು ಎಳೆಯುವುದು. ಗೆರೆಗಳು ಒಂದನ್ನೊಂದು ದಾಟಬಹುದು.
3. ನಡುವೆ ಉಂಟಾದ ಮನೆಗಳನ್ನು ಬಣ್ಣ ಅಥವಾ ಚುಕ್ಕಿಗಳಿಂದ ತುಂಬುವುದು.
4. ಚಿತ್ರದ ಅಂದಚೆಂದವನ್ನು ಅಳೆಯತಕ್ಕದ್ದಲ್ಲ.

ವಿಶೇಷ ಸೂಚನೆ
ಚಿತ್ರರಚನೆಯು ವೈದ್ಯಕೀಯ ಚಿಕಿತ್ಸೆಗೆ ಬದಲಿಯಲ್ಲ. ಬೆಳೆ ನಷ್ಟ, ಸಾಲ ಅಥವಾ ಕೌಟುಂಬಿಕ ಚಿಂತೆಯಿಂದ ಉಂಟಾದ ನಿದ್ರಾಹೀನತೆ, ನಿರಾಸಕ್ತಿ ಎರಡು ವಾರ ಮುಂದುವರಿದಲ್ಲಿ ವೈದ್ಯರನ್ನು ಕಾಣತಕ್ಕದ್ದು. ಬದುಕು ಬೇಡವೆನಿಸಿದಲ್ಲಿ ಒಂದು ದಿನವೂ ಕಾಯಬಾರದು. ಅಂಥವರನ್ನು ಮನೆಯವರು ಒಂಟಿಯಾಗಿ ಬಿಡಬಾರದು.

ಸೇವೆ ಪಡೆಯುವ ವಿಧಾನ
ಚಿಂಚೋಳಿ ತಾಲ್ಲೂಕಿನ ಚಿಮ್ಮನಚೋಡ ಹಾಗೂ ಸುತ್ತಲಿನ ಗ್ರಾಮಗಳ ಸಾರ್ವಜನಿಕರು ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಕರೆ ಮಾಡಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆ ಉಚಿತವಾಗಿದ್ದು, ಕನ್ನಡದಲ್ಲಿಯೂ ಲಭ್ಯವಿದೆ. ಅರ್ಜಿ ಸಲ್ಲಿಸಬೇಕಾಗಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸೇವೆ ಪಡೆಯುವುದು ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017ರನ್ವಯ ಪ್ರತಿಯೊಬ್ಬರ ಹಕ್ಕಾಗಿರುತ್ತದೆ.