ಮೊದಲು ಬಂದವನ ಗುಡ್ಡ

ನಮ್ಮ ಬ್ಲಾಗಿನಲ್ಲಿ ಆಟದ ಬಗ್ಗೆ ಬರೆಯುವುದು ಅಪರೂಪ. ಹೀಗಾಗಿ ಫೋನಿನಲ್ಲಿ ಆಡುವ ಬಾಹ್ಯಾಕಾಶದ ಆಟವೊಂದರಿಂದ ಶುರು ಮಾಡುತ್ತಿರುವುದು ನಿಮಗೆ ವಿಚಿತ್ರ ಅನ್ನಿಸಬಹುದು. ಆದರೆ ಆ ಆಟದ ಕೆಲಸವೇ ಗಣಿಗಾರಿಕೆ. ನಮ್ಮ ಜಿಲ್ಲೆಯ ಕಥೆಯೂ ಅದೇ.

ಆಟದ ಹೆಸರು ಈವ್ ಆನ್‌ಲೈನ್. ಐಸ್‌ಲ್ಯಾಂಡ್ ದೇಶದ ಸಿಸಿಪಿ ಎಂಬ ಕಂಪನಿ 2003ರಲ್ಲಿ ಇದನ್ನು ಕಂಪ್ಯೂಟರಿಗೆ ತಂದಿತು. 2020ರಲ್ಲಿ ಈವ್ ಎಕೋಸ್ ಎಂಬ ಹೆಸರಿನಲ್ಲಿ ಫೋನಿಗೂ ಬಂತು. ಆಟಕ್ಕೆ ಹೊಸದಾಗಿ ಸೇರಿದವನ ಕೈಯಲ್ಲಿ ಇರುವುದು ಒಂದು ಸಣ್ಣ ಹಡಗು. ಆಕಾಶದಲ್ಲಿ ತೇಲುವ ಬಂಡೆಗಳಿಂದ ಅದಿರು ತೆಗೆಯಬೇಕು, ಮಾರಬೇಕು, ದುಡ್ಡು ಕೂಡಿಸಿ ದೊಡ್ಡ ಹಡಗು ಕೊಳ್ಳಬೇಕು. ತೊಂದರೆ ಏನೆಂದರೆ, ಅದೇ ಆಕಾಶದಲ್ಲಿ ಹತ್ತು ವರ್ಷದಿಂದ ಆಡುತ್ತಿರುವವರ ದೈತ್ಯ ಹಡಗುಗಳೂ ಇರುತ್ತವೆ. ಹೊಸಬ ಒಂದು ಬುಟ್ಟಿ ತುಂಬುವಷ್ಟರಲ್ಲಿ ಹಳಬ ಇಡೀ ಬಂಡೆಯನ್ನೇ ಖಾಲಿ ಮಾಡಿರುತ್ತಾನೆ.

ಹೊಸಬನಿಗೂ ಜಾಗ ಉಳಿಯುವಂತೆ ನಿಯಮ ಮಾಡುವುದು ಹೇಗೆ? ಆಟ ಮಾಡಿದವರು ಇಪ್ಪತ್ತು ವರ್ಷದಿಂದ ಈ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದಾರೆ. ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗದ ಗುಡ್ಡಗಳಲ್ಲಿ ಇದೇ ಪ್ರಶ್ನೆ ಅದಕ್ಕಿಂತ ಬಹಳ ಹಿಂದಿನಿಂದಲೂ ಇದೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡೋಣ.

ತಿದಿ ಇದ್ದವನಿಗೆ ಕಬ್ಬಿಣ

ನಮ್ಮ ಸೀಮೆಯಲ್ಲಿ ಗಣಿಗಾರಿಕೆ ಲಾರಿಯ ಜೊತೆ ಬಂದದ್ದಲ್ಲ. ಚಿತ್ರದುರ್ಗದ ಹತ್ತಿರದ ಇಂಗಳದಾಳಿನಲ್ಲಿ ತಾಮ್ರಕ್ಕಾಗಿ ಹಿಂದಿನವರು ತೋಡಿದ ಗುಂಡಿಗಳು ಸಿಕ್ಕಿವೆ. ಮುಂದೆ ಅಲ್ಲೇ ಹೊಸ ಕಾಲದ ತಾಮ್ರದ ಗಣಿಯೂ ನಡೆದು ನಿಂತಿತು.

ಕಬ್ಬಿಣದ ವಿಷಯವೂ ಹಾಗೆಯೇ. ಟಿಪ್ಪು ಸುಲ್ತಾನ್ ಮಡಿದ ಮರುವರ್ಷ, ಅಂದರೆ 1800ರಲ್ಲಿ, ಕಂಪನಿ ಸರ್ಕಾರ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಮೈಸೂರು ಸೀಮೆ ಸುತ್ತಿ ಬರೆಯಲು ಕಳಿಸಿತು. ಹಳ್ಳಿಗಳಲ್ಲಿ ಕಬ್ಬಿಣ ಕರಗಿಸುವುದನ್ನು ಆತ ಕಂಡು ವಿವರವಾಗಿ ಬರೆದಿಟ್ಟಿದ್ದಾನೆ. ಮಳೆಗೆ ಹಳ್ಳದಲ್ಲಿ ಕೊಚ್ಚಿ ಬಂದ ಕಪ್ಪು ಮರಳು ಅಥವಾ ಗುಡ್ಡದ ಕಲ್ಲು, ಕಾಡಿನ ಇದ್ದಿಲು, ಮಣ್ಣಿನ ಕುಲುಮೆ, ಚರ್ಮದ ತಿದಿ, ಜೊತೆಗೆ ನಾಲ್ಕಾರು ಜನ. ಇಷ್ಟಿದ್ದರೆ ಕೆಲಸ ನಡೆಯುತ್ತಿತ್ತು.

ಅದು ಸುಖದ ಬದುಕಾಗಿತ್ತು ಎಂದು ನಾವು ಹೇಳುತ್ತಿಲ್ಲ. ಸಾಲ ಇತ್ತು, ತೆರಿಗೆ ಇತ್ತು, ಬೆಂಕಿಯ ಮುಂದೆ ಬೇಯುವ ದುಡಿಮೆ ಇತ್ತು. ಆದರೆ ಒಂದು ವಿಷಯ ಗಮನಿಸಿ. ತಿದಿಯ ಗಾಳಿಗೆ ಒಂದು ಮಿತಿ ಇದೆ. ಎಷ್ಟೇ ಊದಿದರೂ ಒಬ್ಬ ಒಂದು ದಿನಕ್ಕೆ ಕರಗಿಸುವುದು ಅಷ್ಟೇ. ಹೀಗಾಗಿ ಯಾರೊಬ್ಬರೂ ಗುಡ್ಡವನ್ನೇ ನುಂಗಲು ಆಗುತ್ತಿರಲಿಲ್ಲ. ಅಲ್ಲಿ ಸಮತೋಲ ತಂದದ್ದು ನಿಯಮವಲ್ಲ, ಉಪಕರಣ.

ಆಟದಲ್ಲೂ ಹೊಸಬರಿಗೆ ಮೊದಲು ಸಹಾಯವಾದದ್ದು ಉಪಕರಣವೇ. 2012ರ ಡಿಸೆಂಬರಿನಲ್ಲಿ ಕಂಪನಿ ವೆಂಚರ್ ಎಂಬ ಸಣ್ಣ ಗಣಿ ಹಡಗನ್ನು ಕೊಟ್ಟಿತು. ಬೆಲೆ ಅಗ್ಗ. ಅದಿರು ತುಂಬಲು ಬೇರೆಯೇ ಜಾಗ ಇದೆ. ಯಾರಾದರೂ ಅಡ್ಡ ಹಾಕಿದರೆ ತಪ್ಪಿಸಿಕೊಂಡು ಓಡಲು ಅದಕ್ಕೆ ಹೆಚ್ಚಿನ ಶಕ್ತಿಯನ್ನೂ ಕೊಟ್ಟಿದ್ದಾರೆ. ಯಾಕೆಂದರೆ ಅದಿರು ತೆಗೆಯುವವರ ಹಡಗು ಒಡೆಯುವುದನ್ನೇ ಪಂದ್ಯ ಮಾಡಿಕೊಂಡ ಆಟಗಾರರೂ ಅಲ್ಲಿದ್ದರು.

ಅರ್ಜಿ ಮೊದಲು ಕೊಟ್ಟವನಿಗೆ ಗುತ್ತಿಗೆ

ಸ್ವಾತಂತ್ರ್ಯ ಬಂದ ಮೇಲೆ 1957ರಲ್ಲಿ ದೇಶಕ್ಕೆಲ್ಲ ಒಂದು ಗಣಿ ಮತ್ತು ಖನಿಜ ಕಾಯ್ದೆ ಬಂತು. ಅದರ 11ನೇ ಕಲಮಿನ ತಿರುಳು ಸರಳವಾಗಿತ್ತು: ಮೊದಲು ಅರ್ಜಿ ಕೊಟ್ಟವನಿಗೆ ಮೊದಲ ಹಕ್ಕು. ಒಂದೇ ದಿನ ಹಲವು ಅರ್ಜಿ ಬಂದರೆ ಅನುಭವ, ಹಣದ ಬಲ, ತಾಂತ್ರಿಕ ಸಿಬ್ಬಂದಿ ಯಾರಿಗಿದೆ ಎಂದು ನೋಡಬೇಕು.

ಓದಲು ನ್ಯಾಯವಾಗಿಯೇ ಇದೆ. ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ, ಮೊದಲು ಹಾಕಿದವನದೇ ಸೀಟು. ಆದರೆ ಯಾವ ಗುಡ್ಡದಲ್ಲಿ ಏನಿದೆ ಎಂದು ಮೊದಲು ತಿಳಿಯುವುದು ಯಾರಿಗೆ? ನಕ್ಷೆ ಮಾಡಿಸಲು ದುಡ್ಡಿದ್ದವನಿಗೆ, ಕಚೇರಿಯಲ್ಲಿ ಪರಿಚಯ ಇದ್ದವನಿಗೆ. ಮೊದಲು ಬಂದವನಿಗೆ ಎಂಬ ನಿಯಮ ಕೊನೆಗೆ ಮೊದಲೇ ಇದ್ದವನ ಕಡೆಗೇ ವಾಲಿತು.

ಹಿರಿಯೂರಿನ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಿರಿಯೂರು ತಾಲ್ಲೂಕಿನಲ್ಲಿ ಕಬ್ಬಿಣದ ಗಣಿಯ ಗದ್ದಲ ಇಲ್ಲ, ಆದರೆ ಮಾರಿ ಕಣಿವೆ ಇದೆ. ವೇದಾವತಿಗೆ ಕಟ್ಟಿದ ಆ ಜಲಾಶಯ 1907ರಲ್ಲಿ ಮುಗಿಯಿತು. ಕಾಲುವೆಯ ತಲೆಯಲ್ಲಿ ಜಮೀನು ಇದ್ದವನು ಮೊದಲು ನೀರು ಹಾಯಿಸುತ್ತಾನೆ, ಕೊನೆಯವನು ಮುಗಿಲು ನೋಡುತ್ತಾನೆ. ನೀರಿಗೆ ಸರದಿ ಅಂತ ಮಾಡದಿದ್ದರೆ ಎಲ್ಲ ಕಾಲುವೆಯ ಹಣೆಬರಹವೂ ಅದೇ. ಗಣಿಗೂ ಸರದಿ ಬೇಕಿತ್ತು. ಯಾರೂ ಮಾಡಲಿಲ್ಲ.

ಬಹಳ ಕಾಲ ಇದು ದೊಡ್ಡ ತಾಪತ್ರಯವಾಗಲಿಲ್ಲ. ಅದಿರಿಗೆ ಬೆಲೆಯೇ ಇರಲಿಲ್ಲ. 2000ದ ನಂತರ ಚೀನಾದಲ್ಲಿ ಉಕ್ಕಿನ ಹಸಿವು ಎದ್ದಿತು. 2003ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಸರ್ಕಾರಿ ಕಂಪನಿಗಳಿಗೆಂದು ಕಾದಿರಿಸಿದ್ದ ಸುಮಾರು 11,620 ಚದರ ಕಿಲೋಮೀಟರ್ ಪ್ರದೇಶವನ್ನು ಖಾಸಗಿಯವರಿಗೆ ತೆರೆಯಿತು. ಹೊಸಬರಿಗೆ ಬಾಗಿಲು ತೆರೆದಂತೆ ಕಂಡಿತು. ಅರ್ಜಿಗಳು ರಾಶಿ ಬಿದ್ದವು.

ಹಳ್ಳಿಯವನು ಆ ಬಾಗಿಲಿನಿಂದ ಒಳಗೆ ಹೋದದ್ದು ಗಣಿ ಮಾಲೀಕನಾಗಿ ಅಲ್ಲ, ಲಾರಿ ಮಾಲೀಕನಾಗಿ. ಬ್ಯಾಂಕಿನಲ್ಲೋ ಫೈನಾನ್ಸಿನಲ್ಲೋ ಸಾಲ ಮಾಡಿ ಟಿಪ್ಪರ್ ತಂದ. ಡ್ರೈವರ್ ಆದ, ಕ್ಲೀನರ್ ಆದ, ದಾರಿ ಬದಿ ಹೋಟೆಲ್ ಇಟ್ಟ. ಗುತ್ತಿಗೆ ಕಾಗದ ಮಾತ್ರ ಬೇರೆಯವರ ಹೆಸರಿನಲ್ಲೇ ಇತ್ತು. ಗುತ್ತಿಗೆ ಪಡೆದವರಲ್ಲೂ ಕೆಲವರು ತಾವು ಅಗೆಯಲೇ ಇಲ್ಲ. ಅಗೆಯುವ ಕೆಲಸವನ್ನು ಇನ್ನೊಬ್ಬರಿಗೆ ಕೊಟ್ಟು ಟನ್ನಿಗಿಷ್ಟು ಎಂದು ಕೂತಲ್ಲೇ ಎಣಿಸಿದರು.

ಆಟದಲ್ಲೂ ಇಂಥದೊಂದು ನಡೆದಿತ್ತು. ಬೆಲೆ ಬಾಳುವ ಖನಿಜ ಚಂದ್ರಗಳಲ್ಲಿ ಸಿಗುತ್ತಿತ್ತು. ಚಂದ್ರನ ಹತ್ತಿರ ಒಂದು ಠಾಣೆ ಕಟ್ಟಿ ಯಂತ್ರ ಕೂರಿಸಿದರೆ ಸಾಕು, ಅದಿರು ತಾನಾಗಿ ಬಂದು ಬೀಳುತ್ತಿತ್ತು. ಠಾಣೆ ಕಾಯುವ ಬಲ ಇದ್ದದ್ದು ದೊಡ್ಡ ಗುಂಪುಗಳಿಗೆ ಮಾತ್ರ. 2017ರ ಅಕ್ಟೋಬರಿನಲ್ಲಿ ಕಂಪನಿ ನಿಯಮವನ್ನೇ ಬದಲಿಸಿತು. ಚಂದ್ರನಿಂದ ಒಂದು ತುಂಡನ್ನು ಎಳೆದು ತಂದು ಒಡೆಯಬೇಕು, ಆಮೇಲೆ ಆಟಗಾರರೇ ಹಡಗು ತಂದು ಅಗೆಯಬೇಕು. ಕೂತು ತಿನ್ನುವ ದಾರಿ ಮುಚ್ಚಿತು. ಸಣ್ಣ ಹಡಗಿನವನ ಕೈಗೂ ಕೆಲಸ ಬಂತು.

2011ರ ಆಗಸ್ಟ್

ನಮ್ಮಲ್ಲಿ ನಿಯಮ ಬದಲಾಗಲು ಸುಪ್ರೀಂ ಕೋರ್ಟೇ ಬರಬೇಕಾಯಿತು. ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರ ವರದಿ, ಸಮಾಜ ಪರಿವರ್ತನ ಸಮುದಾಯ ಹೂಡಿದ ಮೊಕದ್ದಮೆ, ಕೇಂದ್ರ ಉನ್ನತಾಧಿಕಾರ ಸಮಿತಿಯ ಅಳತೆ ಎಲ್ಲ ಸೇರಿ 2011ರ ಜುಲೈ 29ರಂದು ಬಳ್ಳಾರಿಯ ಗಣಿಗಳು ನಿಂತವು. ಆಗಸ್ಟ್ 26ರಂದು ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಣಿಗಳೂ ನಿಂತವು.

ಗುತ್ತಿಗೆಗಳನ್ನು ಮೂರು ಗುಂಪು ಮಾಡಿದರು. ಅಕ್ರಮ ಇಲ್ಲದವು ಅಥವಾ ತೀರಾ ಕಡಿಮೆ ಇದ್ದವು 'ಎ'. ಗಡಿ ಮೀರಿದ್ದರೂ ಒಂದು ಮಿತಿಯೊಳಗೆ ಇದ್ದವು 'ಬಿ'. ಮಿತಿ ದಾಟಿ ಅಕ್ರಮ ಮಾಡಿದವು 'ಸಿ'. 2013ರ ಏಪ್ರಿಲ್ 18ರ ತೀರ್ಪಿನಲ್ಲಿ 'ಸಿ' ಗುತ್ತಿಗೆಗಳು ರದ್ದಾದವು. ಅದಿರನ್ನು ಇ-ಹರಾಜಿನಲ್ಲೇ ಮಾರಬೇಕು ಎಂದಾಯಿತು.

ಎಲ್ಲಕ್ಕಿಂತ ದೊಡ್ಡ ಬದಲಾವಣೆ ಮಿತಿ. ವರ್ಷಕ್ಕೆ ಬಳ್ಳಾರಿಯಿಂದ 2.5 ಕೋಟಿ ಟನ್, ಚಿತ್ರದುರ್ಗ ಮತ್ತು ತುಮಕೂರು ಎರಡರಿಂದ ಸೇರಿ 50 ಲಕ್ಷ ಟನ್ ಮಾತ್ರ. ತಿದಿಯ ಗಾಳಿ ಹಿಂದೆ ಮಾಡುತ್ತಿದ್ದ ಕೆಲಸವನ್ನು ಈಗ ಕೋರ್ಟಿನ ಅಂಕಿ ಮಾಡಿತು.

ಆದರೆ ಮಿತಿ ಹಾಕಿದ ಕೂಡಲೇ ಹೊಸಬನಿಗೆ ಜಾಗ ಸಿಗುವುದಿಲ್ಲ. ಇದು ಆಟದಲ್ಲೂ ಕಂಡ ಪಾಠ. 2020ರ ಹೊತ್ತಿಗೆ ದೊಡ್ಡ ಹಡಗುಗಳು ಅಗೆದು ಸುರಿದ ಅದಿರು ಆಟದ ತುಂಬ ಹೆಚ್ಚಾಗಿತ್ತು. ಕಂಪನಿ ಬೇಕೆಂದೇ ಅದಿರನ್ನು ಕಡಿಮೆ ಮಾಡಿತು. ಹಳಬರ ಗೋದಾಮಿನಲ್ಲಿ ದಾಸ್ತಾನು ಇತ್ತು. ಹೊಸಬನಿಗೆ ಮಾತ್ರ ಕೊಳ್ಳಬೇಕಾದ ಹಡಗು ದುಬಾರಿಯಾಯಿತು. ಗೊಣಗಾಟ ಜೋರಾದ ಮೇಲೆ 2021ರ ಕೊನೆಗೆ ಬಿಗಿಯನ್ನು ಸಡಿಲಿಸಿದರು.

ನಮ್ಮಲ್ಲೂ ಮಿತಿಯೊಳಗಿನ ಪಾಲು ಹೋದದ್ದು ಮೊದಲೇ ಗುತ್ತಿಗೆ ಇದ್ದವರಿಗೆ. ರದ್ದಾದ 'ಸಿ' ಗಣಿಗಳನ್ನು ಹರಾಜು ಹಾಕುವಾಗ ಅದಿರನ್ನು ಬಳಸುವ ಕಾರ್ಖಾನೆ ಇದ್ದವರಿಗೇ ಎಂದು ನಿಗದಿಯಾಯಿತು. 2015ರಲ್ಲಿ ಕಾಯ್ದೆಯೇ ತಿದ್ದುಪಡಿಯಾಗಿ ಮೊದಲು ಬಂದವನಿಗೆ ಎಂಬುದು ಹೋಯಿತು, ಹರಾಜು ಬಂತು. ಟವೆಲ್ ಹಾಕಿ ಸೀಟು ಹಿಡಿಯುವುದು ತಪ್ಪಿತು, ನಿಜ. ಆದರೆ ಟಿಕೆಟ್ ಬೆಲೆ ಈಗ ಕೋಟಿಗಳಲ್ಲಿದೆ.

ಇನ್ನು ಸಾಲ ಮಾಡಿ ಟಿಪ್ಪರ್ ತಂದವರು? ಗಣಿ ನಿಂತ ದಿನವೇ ಅವರ ಚಕ್ರ ನಿಂತಿತು, ಕಂತು ನಿಲ್ಲಲಿಲ್ಲ. ಅಕ್ರಮ ಮಾಡಿದವರು ಯಾರೋ, ಮೊದಲು ಪೆಟ್ಟು ತಿಂದವರು ಯಾರೋ. ಗಣಿ ನಿಲ್ಲಿಸಿದ್ದು ತಪ್ಪು ಎಂದು ನಾವು ಹೇಳುವುದಿಲ್ಲ. ಭೀಮಸಮುದ್ರದ ಸುತ್ತ ಅಡಿಕೆ ಗರಿಯ ಮೇಲೆ ಕೆಂಪು ಧೂಳು ಕೂತದ್ದನ್ನು ಕಂಡವರು ಯಾರೂ ಹಾಗೆ ಹೇಳಲಾರರು. ಆದರೆ ನಿಯಮ ಮಾಡುವಾಗ ಕೊನೆಯ ಸಾಲಿನಲ್ಲಿ ನಿಂತವನ ಲೆಕ್ಕ ಯಾರ ಪುಸ್ತಕದಲ್ಲೂ ಇರಲಿಲ್ಲ.

ಗುಡ್ಡ ಮತ್ತೆ ಬೆಳೆಯುವುದಿಲ್ಲ

ಹೋಲಿಕೆ ಇಲ್ಲಿಗೆ ಮುಗಿಯುತ್ತದೆ. ಎರಡು ದೊಡ್ಡ ವ್ಯತ್ಯಾಸಗಳಿವೆ.

ಒಂದು, ಆಟದಲ್ಲಿ ಖಾಲಿಯಾದ ಬಂಡೆಗಳು ಮತ್ತೆ ತುಂಬಿಕೊಳ್ಳುತ್ತವೆ. ದಿನಕ್ಕೊಮ್ಮೆ ಸರ್ವರ್ ನಿಲ್ಲಿಸಿ ಶುರು ಮಾಡುವಾಗ ಅಲ್ಲಿ ಅದಿರು ಬಂದಿರುತ್ತದೆ. ಇವತ್ತು ತಡವಾಗಿ ಬಂದವನು ನಾಳೆ ಬೇಗ ಏಳಬಹುದು. ಹೊಳಲ್ಕೆರೆಯ ಗುಡ್ಡ ಕರಗಿದರೆ ಕರಗಿತು. ಹೊಸದುರ್ಗದ ಮ್ಯಾಂಗನೀಸ್ ಮುಂದಿನ ಮಳೆಗೆ ಚಿಗುರುವುದಿಲ್ಲ. ನಮ್ಮಲ್ಲಿ ಹೊಸಬರು ಅಂದರೆ ಇವತ್ತು ಗುತ್ತಿಗೆ ಕೇಳುವವರು ಮಾತ್ರ ಅಲ್ಲ, ಇನ್ನೂ ಹುಟ್ಟದ ಮಕ್ಕಳೂ ಹೊಸಬರೇ.

ಎರಡು, ಆಟ ಬೇಸರವಾದರೆ ಫೋನ್ ಕೆಳಗಿಟ್ಟು ಏಳಬಹುದು. ಹೊಸಬರು ಹೀಗೆ ಎದ್ದುಹೋದರೆ ಕಂಪನಿಗೇ ನಷ್ಟ. ಆ ಭಯಕ್ಕೇ ಅವರು ನಿಯಮವನ್ನು ಮತ್ತೆ ಮತ್ತೆ ತಿದ್ದುತ್ತಾರೆ. 2008ರಿಂದ ಆಟಗಾರರೇ ಮತ ಹಾಕಿ ಆರಿಸಿದ ಒಂದು ಸಮಿತಿಯ ಮಾತನ್ನೂ ಕೇಳುತ್ತಾರೆ. ಗಣಿ ಪಕ್ಕದ ಊರಿನವನು ಎಲ್ಲಿಗೆ ಎದ್ದುಹೋಗಬೇಕು? ಹೊಲ ಅಲ್ಲೇ, ಮನೆ ಅಲ್ಲೇ, ಕೆರೆ ಅಲ್ಲೇ. ಅವನು ಹೋಗುವುದಿಲ್ಲ ಎಂದು ಗೊತ್ತಿರುವುದರಿಂದಲೇ ಅವನ ಮಾತು ಕೇಳುವ ಅವಸರ ಯಾರಿಗೂ ಇಲ್ಲ.

ಹಾಗಾಗಿ ನಮ್ಮ ಲೆಕ್ಕದಲ್ಲಿ ಗುತ್ತಿಗೆ ಯಾರಿಗೆ ಸಿಗಬೇಕು ಎಂಬುದಕ್ಕಿಂತ, ಹೋದ ಅದಿರಿಗೆ ಬದಲಾಗಿ ಊರಿಗೆ ಏನು ಬರುತ್ತದೆ ಎಂಬುದು ದೊಡ್ಡ ಪ್ರಶ್ನೆ. ಇದಕ್ಕೆ ಈಗ ಕಾನೂನಿನ ಬಲ ಇದೆ. 2015ರ ತಿದ್ದುಪಡಿಯಿಂದ ಜಿಲ್ಲಾ ಖನಿಜ ಪ್ರತಿಷ್ಠಾನ ಬಂತು. ಹಳೆಯ ಗುತ್ತಿಗೆದಾರರು ರಾಜಧನದ ಶೇ. 30ರಷ್ಟು, ಹರಾಜಿನಲ್ಲಿ ಪಡೆದವರು ಶೇ. 10ರಷ್ಟು ಹಣವನ್ನು ರಾಜಧನದ ಮೇಲೆ ಇದಕ್ಕೆ ಕಟ್ಟಬೇಕು. ಗಣಿಯಿಂದ ಬಾಧಿತವಾದ ಊರುಗಳ ಕುಡಿಯುವ ನೀರು, ಆರೋಗ್ಯ, ಶಿಕ್ಷಣ, ಪರಿಸರಕ್ಕೆ ಮೊದಲ ಆದ್ಯತೆ ಕೊಟ್ಟು ಈ ದುಡ್ಡು ಖರ್ಚಾಗಬೇಕು.

ಈ ಮಧ್ಯೆ ಮಿತಿ ಏರುತ್ತಲೇ ಇದೆ. ಚಿತ್ರದುರ್ಗ ಮತ್ತು ತುಮಕೂರಿಗೆ ಸೇರಿ 50 ಲಕ್ಷ ಟನ್ ಇದ್ದದ್ದು 2017ರ ಡಿಸೆಂಬರಿನಲ್ಲಿ 70 ಲಕ್ಷ ಆಯಿತು, 2022ರ ಆಗಸ್ಟ್‌ನಲ್ಲಿ 1.5 ಕೋಟಿ ಆಯಿತು. ಅಂದರೆ ಮೂರು ಪಟ್ಟು. ಅಗೆಯುವುದು ಹೆಚ್ಚಿದಂತೆ ಪ್ರತಿಷ್ಠಾನಕ್ಕೆ ಬರುವ ದುಡ್ಡೂ ಹೆಚ್ಚಬೇಕು.

ನಿಮ್ಮ ಊರು ಗಣಿ ಬಾಧಿತ ಪಟ್ಟಿಯಲ್ಲಿ ಇದೆಯೇ? ಕಳೆದ ವರ್ಷ ನಿಮ್ಮ ಪಂಚಾಯಿತಿಗೆ ಪ್ರತಿಷ್ಠಾನದಿಂದ ಯಾವ ಕೆಲಸ ಮಂಜೂರಾಯಿತು, ಎಷ್ಟು ಮುಗಿಯಿತು? ಮುಂದಿನ ಗ್ರಾಮಸಭೆಯಲ್ಲಿ ಈ ಎರಡು ಪ್ರಶ್ನೆಯನ್ನು ಎದ್ದು ನಿಂತು ಕೇಳಿ. ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಬಾಯಿಮಾತಿನ ಉತ್ತರ ಲಾರಿಯ ಹಿಂದೆ ಏಳುವ ಧೂಳಿನ ಹಾಗೆ, ಸ್ವಲ್ಪ ಹೊತ್ತಿಗೆ ಕೂತುಬಿಡುತ್ತದೆ.