ಸಾಲ್ವಿಯಾ ಹೂವಿನ ಏತ ಮತ್ತು ಮಕರಂದಕ್ಕೆ ಬೀಳುವ ಕನ್ನ

ತುಳಸಿಯ ಕುಟುಂಬಕ್ಕೇ ಸೇರಿದ ಸಾಲ್ವಿಯಾ ಕುಲದಲ್ಲಿ ಸುಮಾರು 1000 ಪ್ರಭೇದಗಳಿವೆ. ಯುರೋಪಿನ ಹುಲ್ಲುಗಾವಲುಗಳ ಸಾಲ್ವಿಯಾ ಪ್ರಾಟೆನ್ಸಿಸ್ ಹೂವಿನ ಒಳರಚನೆಯನ್ನು ಜರ್ಮನಿಯ ಕ್ರಿಸ್ಟಿಯಾನ್ ಕೊನ್ರಾಡ್ ಶ್ಪ್ರೆಂಗೆಲ್ 1793ರಷ್ಟು ಹಿಂದೆಯೇ ವಿವರಿಸಿದ್ದರು.

ಏತವನ್ನು ಕಂಡವರಿಗೆ ಈ ರಚನೆ ಹೊಸದೆನಿಸದು. ಹೂವಿನಲ್ಲಿ ಫಲವಂತ ಕೇಸರಗಳು ಎರಡೇ. ಒಂದೊಂದೂ ಅಡ್ಡಕ್ಕೆ ಉದ್ದವಾಗಿ ಬೆಳೆದು, ನಡುವಿನ ಕೀಲಿನ ಮೇಲೆ ತೂಗುತ್ತದೆ. ಪರಾಗ ತುಂಬಿದ ಉದ್ದನೆಯ ತೋಳು ಮೇಲ್ದುಟಿಯೊಳಗೆ ಅಡಗಿರುತ್ತದೆ. ಗಿಡ್ಡ ತೋಳುಗಳೆರಡೂ ಕೂಡಿ ಮಕರಂದದ ದಾರಿಗೆ ಅಡ್ಡ ಹಲಗೆಯಾಗುತ್ತವೆ. ಜೇನ್ನೊಣ ತಲೆಯಿಂದ ಹಲಗೆಯನ್ನು ಒಳಕ್ಕೆ ನೂಕಿದೊಡನೆ ಮೇಲಿನ ತೋಳು ಬಾಗಿ ಅದರ ಬೆನ್ನಿಗೆ ಪರಾಗ ಸವರುತ್ತದೆ. ನೊಣ ಹಿಂದೆ ಸರಿದರೆ ತೋಳೂ ಸ್ವಸ್ಥಾನಕ್ಕೆ ಮರಳುತ್ತದೆ. ಹೂವು ಹಳತಾದಂತೆ ಶಲಾಕೆ ಉದ್ದವಾಗಿ ಕೆಳಕ್ಕೆ ಬಾಗುತ್ತದೆ. ಅದರ ತುದಿ ತಾಗುವುದು ಬೆನ್ನಿನ ಅದೇ ಜಾಗಕ್ಕೆ.

ಹೂವಿನ ಕೊಳವೆಯ ಬುಡಕ್ಕೆ ತೂತು ಕೊರೆದು ಮಕರಂದ ಹೀರುವವರಿಗೆ ಈ ಏತದ ಹಂಗಿಲ್ಲ. ದುಂಬಿಗಳು ಹೀಗೆ ಕೊರೆಯುವುದನ್ನು 1841ರಲ್ಲಿ ಗಾರ್ಡನರ್ಸ್ ಕ್ರಾನಿಕಲ್ ಪತ್ರಿಕೆಗೆ ಬರೆದು ತಿಳಿಸಿದ ಡಾರ್ವಿನ್, ಸಾಲ್ವಿಯಾ ಹೂಗಳನ್ನೂ ಹೆಸರಿಸಿದ್ದರು. 1980ರಲ್ಲಿ ಸಂಶೋಧಕ ಡೇವಿಡ್ ಇನೂಯೆ ಮಕರಂದ ಕದಿಯುವ ವರ್ತನೆಗಳಿಗೆ ಬೇರೆಬೇರೆ ಪಾರಿಭಾಷಿಕ ಪದಗಳನ್ನು ನಿಗದಿಪಡಿಸಿದರು. ತೂತು ಕೊರೆಯುವುದು ಒಂದು. ಬೇರೆಯವರು ಕೊರೆದ ತೂತಿನಿಂದ ಹೀರುವುದು ಇನ್ನೊಂದು. ಎದುರು ಬಾಗಿಲಿನಿಂದಲೇ ಬಂದು ಪರಾಗ ಮುಟ್ಟದೆ ಹೀರಿ ಹೋಗುವುದು ಮತ್ತೊಂದು. ಮೊದಲನೆಯದಕ್ಕೆ ಕನ್ನಡದಲ್ಲಿ ‘ಕನ್ನ’ ಎಂಬ ಹಳೆಯ ಪದವೇ ಒಪ್ಪುತ್ತದೆ, ಮೂರನೆಯದಕ್ಕೆ ‘ಕಳವು’ ಸಾಕು.

ಕನ್ನ ಬಿದ್ದ ಹೂವು ಕೆಟ್ಟಿತೆಂದೇ ತೀರ್ಮಾನಿಸುವ ರೂಢಿಯನ್ನು ನಾನು ಒಪ್ಪಲಾರೆ. ಮಕರಂದ ಕಡಿಮೆಯಾದಾಗ ಪರಾಗವಾಹಕ ಕೀಟ ಒಂದೇ ಗಿಡದಲ್ಲಿ ನಿಲ್ಲದೆ ದೂರದ ಗಿಡಕ್ಕೆ ಹಾರಬಹುದು. ಅದರಿಂದ ಪರಕೀಯ ಪರಾಗಸ್ಪರ್ಶ ಹೆಚ್ಚಲೂಬಹುದು. ಕನ್ನಗಾರರು ವಂಚಕರೋ ಸಹಾಯಕರೋ ಎಂಬ ಪ್ರಶ್ನೆಯನ್ನು ಸಂಶೋಧಕರಾದ ಮಲೂಫ್ ಮತ್ತು ಇನೂಯೆ 2000ದಲ್ಲಿ ಎತ್ತಿದ್ದು ಇದೇ ಕಾರಣಕ್ಕೆ. ಕನ್ನಗಾರನ ಮೈಗೆ ಪರಾಗ ತಾಗುವುದೇ, ಅಂಡಾಶಯಕ್ಕೆ ಗಾಯವಾಗುವುದೇ, ಉಳಿದ ಮಕರಂದವೆಷ್ಟು ಎಂಬುದನ್ನು ನೋಡದೆ ಲಾಭನಷ್ಟ ಹೇಳಲಾಗದು.

ಲೆಕ್ಕಕ್ಕೆ ಸಾಲ್ವಿಯಾ ಅನುಕೂಲಕರ ಗಿಡ. ಒಂದು ಹೂವಿನಲ್ಲಿ ಹೆಚ್ಚೆಂದರೆ ನಾಲ್ಕೇ ಬೀಜಕಾಯಿಗಳು. ತೂತು ಬಿದ್ದ ಮತ್ತು ಬೀಳದ ಹೂಗಳಿಗೆ ದಾರ ಕಟ್ಟಿಟ್ಟು, ದಳ ಉದುರಿದ ಮೇಲೆ ಒಣಗಿದ ಪುಷ್ಪಪಾತ್ರೆಯನ್ನು ಬಿಡಿಸಿದರೆ ಎಷ್ಟು ಕಟ್ಟಿವೆಯೆಂದು ಬರಿಗಣ್ಣಿಗೇ ತಿಳಿಯುತ್ತದೆ. ಬೀಜ ಕಟ್ಟಿದ್ದು ಹೆಣ್ಣುಪಾಲಿನ ಲೆಕ್ಕ ಮಾತ್ರ. ಪರಾಗ ಎಲ್ಲಿಗೆ ಹೋಯಿತೆಂಬುದನ್ನು ಪ್ರತ್ಯೇಕವಾಗಿ ಅಳೆಯಬೇಕು.

ನಮ್ಮ ಉದ್ಯಾನಗಳ ಕೆಂಪು ಸಾಲ್ವಿಯಾ ಬ್ರೆಜಿಲ್ ಮೂಲದ್ದು, ಹಮಿಂಗ್‌ಬರ್ಡ್‌ಗಳಿಗೆ ಒಗ್ಗಿದ ಹೂವು. ಆ ಹಕ್ಕಿ ಭಾರತದಲ್ಲಿಲ್ಲ. ಇಲ್ಲಿ ಅದರ ಎದುರಿನಿಂದ ಹೀರುವವರು ಯಾರು, ಬುಡಕ್ಕೆ ಕನ್ನ ಹಾಕುವವರು ಯಾರು ಎಂಬುದನ್ನು ನಮ್ಮ ಸಸ್ಯಶಾಸ್ತ್ರದ ವಿದ್ಯಾರ್ಥಿಗಳು ಒಂದು ಪಾತಿಯ ಮುಂದೆ ಕುಳಿತು ದಾಖಲಿಸಬೇಕೆಂದು ಕೋರುತ್ತೇನೆ.