ಮಳಿ, ಜೋಳ, ಕಾಗದ: ಕೊಪ್ಪಳ ಸೀಮೆಯ ಮನೆಪತ್ರಗಳು

ಕೊಪ್ಪಳ ಸೀಮೆಯ ಹಳೆಯ ಮನೆಗಳಲ್ಲಿ ಕಾಗದ-ಪತ್ರಗಳು ಪೆಟ್ಟಿಗೆ ಸೇರಿದ್ದು ಕಡಿಮೆ, ತಂತಿಗೆ ಏರಿದ್ದೇ ಹೆಚ್ಚು. ತುದಿ ಬಾಗಿಸಿದ ಕಬ್ಬಿಣದ ತಂತಿಯೊಂದು ಪಡಸಾಲೆಯ ಗೂಟದಲ್ಲಿ ತೂಗುತ್ತಿತ್ತು. ಓದಿ ಮುಗಿದದ್ದನ್ನು ಅದಕ್ಕೆ ಚುಚ್ಚಿಬಿಡುವುದು. ಕಂದಾಯದ ರಸೀದಿ, ದಲಾಲಿ ಅಂಗಡಿಯ ಪಟ್ಟಿ, ಮದುವೆಯ ಕರೆಯೋಲೆ, ಅಳಿಯನ ಕಾರ್ಡು ಎಲ್ಲವೂ ಅಲ್ಲೇ. ಹೀಗಾಗಿ ಉಳಿದ ಕಾಗದಗಳ ನಡುವೆ ಒಂದೊಂದು ತೂತು. ಅನುಕೂಲವೂ ಉಂಟು: ಹಳೆಯದು ಕೆಳಗೆ, ಹೊಸದು ಮೇಲೆ, ಕಾಲಾನುಕ್ರಮ ತಾನಾಗಿ ಕೂತಿರುತ್ತದೆ.

ಈ ಪತ್ರಗಳ ಒಕ್ಕಣೆ ಹೆಚ್ಚುಕಡಿಮೆ ಒಂದೇ. ನೆತ್ತಿಗೆ ‘ಶ್ರೀ’. ಹಿರಿಯರಿಗಾದರೆ ‘ತೀರ್ಥರೂಪ’, ಕಿರಿಯರಿಗಾದರೆ ‘ಚಿರಂಜೀವಿ’. ‘ಉಭಯ ಕುಶಲೋಪರಿ’, ‘ಇತ್ತ ಕಡೆ ಸರ್ವರೂ ಕ್ಷೇಮ’. ಮನೆಯಲ್ಲಿ ಯಾರಾದರೂ ಜ್ವರ ಬಂದು ಮಲಗಿದ್ದರೂ ಮೊದಲ ಸಾಲಿನಲ್ಲಿ ಸರ್ವರೂ ಕ್ಷೇಮವೇ. ಜ್ವರದ ಸುದ್ದಿ ಕೊನೆಗೆ, ಜಾಗ ಉಳಿದರೆ. ‘ಕಾಗದ ಬರೆಯಲು ಕಾರಣವೇನೆಂದರೆ’ ಎಂಬಲ್ಲಿಂದ ನಿಜವಾದ ಮಾತು ಶುರು. ಎತ್ತು ಮುಗ್ಗರಿಸಿತು, ಬೀಜ ಸಾಲದು, ಹೆಣ್ಣು ನೋಡಲು ಬರುತ್ತಾರೆ, ಮಳಿ ಇಲ್ಲ. ಪ್ರೀತಿ, ವಿರಹ ಹುಡುಕುವವರಿಗೆ ಇಲ್ಲಿ ನಿರಾಸೆ. ದಿನದ ಬದುಕು ಹೇಗಿತ್ತು ಎಂದು ಕೇಳುವವರಿಗೆ ಮಾತ್ರ ಇವುಗಳಷ್ಟು ಖಾತರಿಯ ಸಾಕ್ಷಿ ಬೇರೆ ಇಲ್ಲ. ಸರ್ಕಾರಿ ದಫ್ತರಕ್ಕೆ ಬೇಕಿದ್ದುದು ಕಂದಾಯ, ಮಠದ ಕಡತಕ್ಕೆ ಕಾಣಿಕೆ. ಎತ್ತು ಮುಗ್ಗರಿಸಿದ್ದು ಎರಡಕ್ಕೂ ಬೇಕಿರಲಿಲ್ಲ.

ಕಾಗದ ದಾಟಬೇಕಿದ್ದ ಗಡಿಗಳನ್ನೂ ನೋಡಬೇಕು. ಕೊಪ್ಪಳ, ಯಲಬುರ್ಗಾ ಸೀಮೆ ನಿಜಾಮರ ಸಂಸ್ಥಾನದೊಳಗಿನ ಸಾಲಾರ್ ಜಂಗ್ ಮನೆತನದ ಜಾಗೀರು. ಕುಷ್ಟಗಿ ಲಿಂಗಸುಗೂರು ಜಿಲ್ಲೆಯಲ್ಲಿತ್ತು, 1905ರಲ್ಲಿ ಆ ಜಿಲ್ಲೆ ಒಡೆದ ಮೇಲೆ ರಾಯಚೂರಿಗೆ ಬಂತು. ಪಶ್ಚಿಮಕ್ಕೆ ಗದಗ, ಮುಂಡರಗಿ, ರೋಣ ಮುಂಬಯಿ ಪ್ರಾಂತ್ಯ. ತುಂಗಭದ್ರೆ ದಾಟಿದರೆ ಹೊಸಪೇಟೆ, ಮದ್ರಾಸ್ ಪ್ರಾಂತ್ಯ. ಬೀಗತನಕ್ಕೆ ಈ ಗೆರೆಗಳ ಹಂಗಿರಲಿಲ್ಲ, ಅಂಚೆಚೀಟಿಗೆ ಇತ್ತು. 1869ರಿಂದ ಹೊರಬಂದ ನಿಜಾಮರ ಚೀಟಿ ಸಂಸ್ಥಾನದೊಳಗೆ ಮಾತ್ರ ನಡೆಯುತ್ತಿತ್ತು. ನೂರಾರು ಮೈಲಿ ದೂರದ ಔರಂಗಾಬಾದಿಗೆ ಅದು ಸಾಕು, ಹೊಳೆಯಾಚೆಯ ಹೊಸಪೇಟೆಗೆ ಸಾಲದು. ಅಲ್ಲಿಗೆ ಬ್ರಿಟಿಷ್ ಇಂಡಿಯಾದ ಚೀಟಿಯೇ ಆಗಬೇಕು. ಸಂತೆಗೆ ಹೋಗುವ ನಂಬಿಗಸ್ಥನ ಕೈಯಲ್ಲಿ ಕಾಗದ ಕಳಿಸುವುದೇ ಸಲೀಸು ಎಂದು ಜನ ಬಗೆದಿದ್ದರೆ ಅದರಲ್ಲಿ ಸೋಜಿಗವಿಲ್ಲ.

ರೊಕ್ಕದ ಲೆಕ್ಕವೂ ಹೀಗೆಯೇ ಎರಡು. ನಿಜಾಮರ ಹಾಲಿ ಸಿಕ್ಕಾ ಒಂದು, ಬ್ರಿಟಿಷರ ಕಲ್ದಾರ್ ಇನ್ನೊಂದು. ಏಳು ಹಾಲಿಗೆ ಆರು ಕಲ್ದಾರ್. ಆದ್ದರಿಂದ ಎತ್ತಿನ ಜೋಡಿಗೆ ಇಷ್ಟು ರೂಪಾಯಿ ಎಂದು ಬರೆದರೆ ಅರ್ಧ ಬರೆದಂತೆ, ಯಾವ ರೂಪಾಯಿ ಎಂದು ತಿಳಿಯದೆ ಬೀಗರು ಲೆಕ್ಕ ಹಾಕುವಂತಿರಲಿಲ್ಲ. ತಾರೀಖಿನ ಕಥೆಯೂ ಅಷ್ಟೇ. ಮನೆಪತ್ರಕ್ಕೆ ಸಂವತ್ಸರ, ತಿಥಿ; ಕಚೇರಿ ಕಾಗದಕ್ಕೆ ಫಸಲಿ ವರ್ಷ. 1357ನೇ ಫಸಲಿ ಎಂದರೆ 1947ರ ಅಕ್ಟೋಬರಿನಲ್ಲಿ ಶುರುವಾದ ವರ್ಷ, ರಜಾಕಾರರ ಹಾವಳಿಯ ವರ್ಷ. ಅದು ಶುರುವಾದಾಗ ಮನೆಯ ಕಾಗದದಲ್ಲಿ ಸರ್ವಜಿತು ಸಂವತ್ಸರ.

ಬರೆಯುವವರು ಯಾರು? ಊರ ಕುಲಕರ್ಣಿ, ಇಲ್ಲವೆ ಗಾವಠಿ ಶಾಲೆಯ ಅಯ್ಯನವರು. ಅವ್ವ ಹೊಸ್ತಿಲಲ್ಲಿ ಕೂತು ಆಡುಮಾತಿನಲ್ಲಿ ಹೇಳುತ್ತಾಳೆ, ಅಯ್ಯನವರು ಅದನ್ನು ಗ್ರಂಥದ ಕನ್ನಡಕ್ಕೆ ತಿರುಗಿಸುತ್ತಾರೆ. ‘ಪಂಚಮಿಗೆ ಅಣ್ಣನ್ನ ಕರಿಯಾಕ ಕಳಸ್ರಿ’ ಎಂಬ ಮಗಳ ಹಟ ‘ನಾಗರಪಂಚಮಿಗೆ ಅವಶ್ಯವಾಗಿ ಕಳುಹಿಸತಕ್ಕದ್ದು’ ಎಂದು ತಣ್ಣಗಾಗುತ್ತದೆ. ಹೆಂಗಸರ ದನಿ ಈ ಕಾಗದಗಳಲ್ಲಿ ಹೀಗೆ ಗಂಡಸರ ಅಕ್ಷರದ ಮರೆಯಲ್ಲೇ ಉಳಿಯಿತು. ಮೇಲಿನ ಓದಿಗೆ ಹೋದ ಗಂಡುಮಕ್ಕಳದ್ದು ಬೇರೆ ಪಾಡು. ಯಲಬುರ್ಗಾ ಸೀಮೆಯ ದ್ಯಾಂಪುರದಲ್ಲಿ 1918ರಲ್ಲಿ ಹುಟ್ಟಿದ ಕವಿ ಸಿದ್ದಯ್ಯ ಪುರಾಣಿಕರ ತಲೆಮಾರಿಗೆ ಕಾಲೇಜು ಎಂದರೆ ಹೈದರಾಬಾದು. ಅದೇ ವರ್ಷ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಪಾಠ ಉರ್ದುವಿನಲ್ಲಿ, ಮನೆಗೆ ಕಾಗದ ಕನ್ನಡದಲ್ಲಿ.

ಎಲ್ಲ ಕಾಗದಗಳಿಗೂ ಸಾಮಾನ್ಯವಾದ ಸುದ್ದಿ ಮಳೆಯದು. ಮಸಾರಿ ನೆಲದವರು ಮೃಗಶಿರ, ಆರಿದ್ರೆಗೆ ಕಾಯುತ್ತಾರೆ. ಸಜ್ಜೆ, ಹೆಸರು ಬಿತ್ತಬೇಕು. ಎರೆ ಹೊಲದವರ ಜೀವವಿರುವುದು ಉತ್ತರಿ, ಹಸ್ತದಲ್ಲಿ. ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಮೊದಲ ವಾರದ ತನಕ ಎರಡು ಹದ ಬಿದ್ದರೆ ಕೂರಿಗೆ ಹೂಡಬಹುದು, ಬಿಳಿಜೋಳ ಬಂದಂತೆಯೇ. ಆಮೇಲೆ ಮಳೆ ಬಾರದಿದ್ದರೂ ಚಳಿ, ಇಬ್ಬನಿ ಮತ್ತು ಎರೆಯ ಒಡಲಿನ ತೇವದಲ್ಲೇ ತೆನೆ ಹಿರಿಯುತ್ತದೆ. ‘ಉತ್ತರಿ ಹುಸಿ ಹೋಯಿತು, ಹಸ್ತದ ದಾರಿ ನೋಡುತ್ತೇವೆ’ ಎಂದು ಕಾಗದದಲ್ಲಿ ಬಂದರೆ, ಓದಿದವರಿಗೆ ಆ ವರ್ಷ ಮದುವೆಯ ಮಾತು ಎತ್ತಬಾರದೆಂದು ಬೇರೆ ಹೇಳಬೇಕಿರಲಿಲ್ಲ.

ಮಳೆಯ ಹಿಂದೆಯೇ ಬರುವ ಪ್ರಶ್ನೆ ಹಗೇವಿನದು. ಬಾಯಿ ಕಿರಿದು, ಹೊಟ್ಟೆ ಹಿರಿದು ಮಾಡಿ ನೆಲದೊಳಗೆ ತೋಡಿದ ಗುಂಡಿ. ಒಳಗೆ ಸುತ್ತಲೂ ಹುಲ್ಲು ಹೊದಿಸಿ, ಜೋಳ ಸುರಿದು, ಬಾಯಿಗೆ ಬಂಡೆ ಮುಚ್ಚಿ ಮಣ್ಣು ಬಿಗಿದರೆ ಕಾಳು ವರ್ಷಗಟ್ಟಲೆ ಕೆಡುವುದಿಲ್ಲ. ತೆಗೆಯುವುದು ಮಾತ್ರ ಹುಷಾರಿನ ಕೆಲಸ. ಮುಚ್ಚಳ ಸರಿಸಿ ಹೊತ್ತು ಬಿಟ್ಟು, ದೀಪ ಇಳಿಸಿ, ಅದು ಉರಿಯುತ್ತಿದ್ದರೆ ಮಾತ್ರ ಆಳು ಇಳಿಯಬೇಕು. ಒಳಗಿನ ಕೆಟ್ಟ ಗಾಳಿ ಉಸಿರು ನಿಲ್ಲಿಸುತ್ತದೆ. 1791-92ರ ಡೋಗಿ ಬರ, 1876ರ ಧಾತು ಸಂವತ್ಸರದ ಬರ ಕಂಡ ನಾಡು ಇದು. ಮಗ ಪರವೂರಿನಿಂದ ‘ಹಗೇವು ತೆಗೆಯುವ ಅವಸರ ಬೇಡ’ ಎಂದು ಬರೆಯುವಾಗ ಅವನ ಹಿಂದೆ ಅಜ್ಜಿಯರು ಹೇಳಿದ ಬರಗಾಲವೆಲ್ಲ ನಿಂತಿರುತ್ತಿತ್ತು.

ಸಾವಿನ ಕಾರ್ಡಿಗೆ ಬೇರೆ ರೀತಿ. ಮೂಲೆ ಹರಿದಿದ್ದರೆ ಓದು ಬಾರದವರಿಗೂ ವಿಷಯ ತಿಳಿಯುತ್ತಿತ್ತು. ಅಂಥದ್ದನ್ನು ಮನೆಯಲ್ಲಿಡದೆ ಓದಿ ಹರಿದು ಹಾಕುವ ರೂಢಿ, ಹೀಗಾಗಿ ಉಳಿದ ಕಾಗದಗಳಲ್ಲಿ ಮದುವೆಗಳು ಸಿಗುತ್ತವೆ, ಸಾವುಗಳು ಸಿಗುವುದಿಲ್ಲ. ಇವನ್ನು ಇಟ್ಟುಕೊಂಡು ಊರ ಚರಿತ್ರೆ ಬರೆಯ ಹೊರಟವರು ಈ ಕೊರತೆಯನ್ನು ನೆನಪಿಡಬೇಕು.

ನಿಜಾಮರ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ 1948ರ ಸೆಪ್ಟೆಂಬರ್ ಕಾರ್ಯಾಚರಣೆಯಾದ ಮೇಲೆ ಬದಲಾವಣೆ ಬೇಗಬೇಗ ಬಂತು. 1949ರಲ್ಲಿ ಜಾಗೀರುಗಳು ಹೋದವು, 1950ರ ಏಪ್ರಿಲ್ 1ಕ್ಕೆ ನಿಜಾಮರ ಟಪಾಲು ಭಾರತೀಯ ಅಂಚೆಯಲ್ಲಿ ಸೇರಿತು. ಔರಂಗಾಬಾದಿಗೂ ಹೊಸಪೇಟೆಗೂ ಈಗ ಒಂದೇ ಚೀಟಿ. ಅದೇ ವರ್ಷದ ಅಕ್ಟೋಬರಿನಲ್ಲಿ ಇನ್‌ಲ್ಯಾಂಡ್ ಪತ್ರ ಬಂದು, ಕಾರ್ಡಿನಲ್ಲಿ ಬರೆಯಲಾಗದ್ದಕ್ಕೆ ಮರೆ ಸಿಕ್ಕಿತು. 1953ರಲ್ಲಿ ತುಂಗಭದ್ರೆಯ ನೀರು ನಿಂತಾಗ ನದಿದಂಡೆಯ ಹಳ್ಳಿಗಳು ಮುಳುಗಿ, ವಿಳಾಸಗಳೇ ಬದಲಾದವು. ಎಡದಂಡೆ ಕಾಲುವೆಯ ಗಂಗಾವತಿಗೆ ಆಂಧ್ರದ ಕರಾವಳಿಯಿಂದ ರೈತರು ಬಂದು ಕ್ಯಾಂಪು ಕಟ್ಟಿದರು. ಅಂಚೆಯವನ ಚೀಲಕ್ಕೆ ತೆಲುಗಿನ ಕಾಗದಗಳೂ ಸೇರಿದವು. ಅಲ್ಲಿ ಕೇಳುವುದು ಕಾಲುವೆಗೆ ನೀರು ಎಂದು ಬಿಡುತ್ತಾರೆ ಎಂದು. ಕುಷ್ಟಗಿ, ಯಲಬುರ್ಗಾದಲ್ಲಿ ಕೇಳುವುದು ಇಂದಿಗೂ ಹಸ್ತದ ಮಳೆಯನ್ನೇ.

ಕಾಲುವೆ ಇಲ್ಲದ ಆ ಊರುಗಳಿಂದ ಗುಳೆ ಹೋದವರು ಬೆಂಗಳೂರು, ಮಂಗಳೂರು, ಗೋವಾದಿಂದ ಕಳಿಸಿದ್ದು ಮನಿಯಾರ್ಡರು. ಫಾರಮಿನ ಕೆಳಗೆ ಸಂದೇಶಕ್ಕೆಂದು ನಾಲ್ಕು ಬೆರಳಿನಷ್ಟು ಜಾಗ. ಅದರಲ್ಲೇ ಸಾಲ ತೀರಿಸಬೇಕಾದವರ ಹೆಸರು, ತಂಗಿಯ ಸೀರೆ, ಬೀಜದ ಲೆಕ್ಕ. ಅವ್ವ ಹೆಬ್ಬೆಟ್ಟು ಒತ್ತಿದರೆ ಸಾಕ್ಷಿಯ ಸಹಿ ಬೇಕಿತ್ತು, ಸಹಿ ಹಾಕಿದವನೇ ಬಹಳ ಸಲ ಚೀಟಿಯನ್ನೂ ಓದಿ ಹೇಳುತ್ತಿದ್ದ. 2015ರ ಏಪ್ರಿಲಿನಿಂದ ಆ ಫಾರಮು ಬಂದ್ ಆಯಿತು.